ಟಿಟಿ ಹಾಕಿಸಿದ್ದೇವಲ್ಲ, ಇನ್ನೆಂತ ಬೇಕು?

ನಮ್ಮ ಮನೆಯ ಎಂಟು ವರ್ಷದ ಹುಡುಗಿ ಒಂದು ಸಂಜೆ ಶಾಲೆಯಿಂದ ಬಂದವಳು ಉದ್ದ ತೋಳಿನ ಅಂಗಿ ಹಾಕಿಕೊಂಡು ಕೂತಳು. ಸೆಕೆಯ ದಿನ. ಆದರೂ ಯಾರಿಗೂ ಸಂಶಯ ಬರಲಿಲ್ಲ. ರಾತ್ರಿ ಊಟಕ್ಕೆ ಕೈ ತೊಳೆಯುವಾಗ ತೋಳು ಮೇಲೆ ಸರಿಯಿತು. ಮಣಿಕಟ್ಟಿನ ಮೇಲೆ ಮೂರು ಕೆಂಪು ಗೀರು. ಒಂದರ ತುದಿಯಲ್ಲಿ ರಕ್ತ ಹೆಪ್ಪುಗಟ್ಟಿತ್ತು.

“ಇದೆಂತ ಮೋಳೇ?”

“ಬೇಲಿಯ ತಂತಿ ತಾಗಿದ್ದು ಉಮ್ಮ.”

ನಾವು ನಂಬಿದೆವು. ಹಿತ್ತಿಲಿನ ಬೇಲಿ ತುಕ್ಕು ಹಿಡಿದು ವರ್ಷಗಳಾಗಿವೆ. ಅಜ್ಜಿ ತೆಂಗಿನೆಣ್ಣೆಯಲ್ಲಿ ಅರಸಿನ ಕಲಸಿ ಹಚ್ಚಿದರು. ಮರುದಿನ ಬೆಳಿಗ್ಗೆ ಹತ್ತಿರದ ಕ್ಲಿನಿಕ್‌ಗೆ ಹೋಗಿ, “ತಂತಿ ತಾಗಿದೆ ಡಾಕ್ಟ್ರೆ, ಒಂದು ಟಿಟಿ ಹಾಕಿ” ಎಂದು ನಾವೇ ಹೇಳಿದೆವು. ಹಾಕಿದರು. ದಮಾಮ್‌ನಲ್ಲಿರುವ ಉಪ್ಪನಿಗೆ ವಾಟ್ಸ್ಆ್ಯಪ್‌ನಲ್ಲಿ ಸುದ್ದಿ ಹೋಯಿತು: ಎಂತದೂ ಇಲ್ಲ, ಸಣ್ಣ ಗಾಯ, ಟಿಟಿ ಆಯಿತು. ಅಲ್ಲಿಗೆ ಮನೆಮಂದಿಗೆಲ್ಲ ಸಮಾಧಾನ.

ನಾಲ್ಕನೆಯ ದಿನ ಸೊಳ್ಳೆ ಲಾರ್ವಾ ನೋಡಲು ಆಶಾ ಕಾರ್ಯಕರ್ತೆ ಬಂದರು. ಡ್ರಮ್ಮು, ಹೂಕುಂಡ, ಟಯರ್ ಎಲ್ಲ ನೋಡಿ ಮುಗಿಸಿ ಜಗಲಿಯಲ್ಲಿ ನೀರು ಕುಡಿಯುತ್ತಿದ್ದಾಗ ಹುಡುಗಿಯ ಕೈ ಅವರ ಕಣ್ಣಿಗೆ ಬಿತ್ತು.

“ತಂತಿ ತಾಗಿದರೆ ಮೂರು ಗೀರು ಹೀಗೆ ಸಾಲಾಗಿ ಬರುವುದುಂಟಾ? ನಿಮ್ಮಲ್ಲಿ ಬೆಕ್ಕು ಉಂಟಲ್ಲ?”

ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು. ಬೆಕ್ಕು ಮೀನಿನ ತಲೆ ತಿನ್ನುವಾಗ ಇವಳು ಎತ್ತಿಕೊಳ್ಳಲು ಹೋಗಿದ್ದಾಳೆ, ಅದು ಪರಚಿದೆ. ಹೇಳಿದರೆ ಬೆಕ್ಕನ್ನು ಎಲ್ಲಿಯೋ ಬಿಟ್ಟು ಬರುತ್ತಾರೆ ಎಂಬ ಹೆದರಿಕೆಗೆ ತಂತಿಯ ಕತೆ. ಅವಳ ಹೆದರಿಕೆ ಸುಳ್ಳೇನೂ ಅಲ್ಲ. ಹಿಂದಿನ ವರ್ಷ ನೆಂಟರ ಮಗುವಿಗೆ ಪರಚಿದ ಬೆಕ್ಕನ್ನು ಗೋಣಿಯಲ್ಲಿ ಹಾಕಿ ಮೀನು ಮಾರ್ಕೆಟಿನ ಬಳಿ ಬಿಟ್ಟು ಬಂದವರು ನಾವೇ.

“ಆದರೂ ಟಿಟಿ ಹಾಕಿಸಿದ್ದೇವಲ್ಲ, ಇನ್ನೆಂತ ಬೇಕು?” ಎಂದೆವು.

ಆಶಾ ಕಾರ್ಯಕರ್ತೆ ಲೋಟ ಕೆಳಗಿಟ್ಟರು. “ಟಿಟಿ ಬೇರೆ, ರೇಬಿಸ್ ಇಂಜೆಕ್ಷನ್ ಬೇರೆ ಮಾರಾಯ್ರೆ. ಬೆಕ್ಕು ಎಲ್ಲಿ?”

ಬೆಕ್ಕು ಎರಡು ದಿನದಿಂದ ಮನೆಗೆ ಬಂದಿರಲಿಲ್ಲ.

ಈ ಲೇಖನ ಬರೆಯಲು ಕಾರಣ ಆ ಒಂದು ಕ್ಷಣ. ಓದು ಬರಹ ಬಲ್ಲ, ಪತ್ರಿಕೆ ತರಿಸುವ, ಮಕ್ಕಳ ಲಸಿಕೆ ತಪ್ಪಿಸದ ಮನೆ ನಮ್ಮದು. ಆದರೂ ಟಿಟಿ ಎಂದರೆ ಎಲ್ಲ ಗಾಯಕ್ಕೂ ಸಾಕು ಎಂದೇ ತಿಳಿದುಕೊಂಡಿದ್ದೆವು. ಆಮೇಲೆ ಅಕ್ಕಪಕ್ಕದಲ್ಲಿ, ಮದುವೆ ಮನೆಗಳಲ್ಲಿ, ನೆಂಟರಲ್ಲಿ ಕೇಳಿ ನೋಡಿದೆವು. ಹೆಚ್ಚಿನವರ ತಿಳುವಳಿಕೆ ನಮ್ಮದೇ ಥರ.

ಎರಡು ರೋಗ, ಎರಡು ಲಸಿಕೆ

ಪ್ರಾಣಿ ಪರಚಿದ, ಕಚ್ಚಿದ ಗಾಯದಿಂದ ಮುಖ್ಯವಾಗಿ ಮೂರು ತೊಂದರೆ ಬರಬಹುದು. ಒಂದು ಧನುರ್ವಾಯು, ಅಂದರೆ ಟೆಟನಸ್. ಎರಡನೆಯದು ರೇಬಿಸ್. ಮೂರನೆಯದು ಗಾಯ ಕೀವಾಗಿ ವಿಷಮಿಸುವುದು. ಧನುರ್ವಾಯುವಿಗೆ ಕಾರಣ ಬ್ಯಾಕ್ಟೀರಿಯಾ, ರೇಬಿಸ್‌ಗೆ ಕಾರಣ ವೈರಸ್. ಒಂದರ ಲಸಿಕೆ ಇನ್ನೊಂದನ್ನು ತಡೆಯುವುದಿಲ್ಲ. ಟಿಟಿ ಹಾಕಿಸಿಕೊಂಡವನಿಗೆ ರೇಬಿಸ್‌ನಿಂದ ರಕ್ಷಣೆ ಸ್ವಲ್ಪವೂ ಸಿಗುವುದಿಲ್ಲ. ಕೀವಾಗುವುದನ್ನು ಇವೆರಡೂ ತಡೆಯುವುದಿಲ್ಲ, ಅದಕ್ಕೆ ಗಾಯ ತೊಳೆಯುವುದು ಮತ್ತು ಬೇಕಾದರೆ ಆ್ಯಂಟಿಬಯೋಟಿಕ್ ದಾರಿ.

ಇದು ಡಾಕ್ಟರರಿಗೆ ಗೊತ್ತಿಲ್ಲದ ವಿಷಯ ಅಲ್ಲ. ಆದರೆ ತಂತಿ ತಾಗಿದ್ದು ಎಂದು ನಾವೇ ಹೇಳಿದರೆ ಅವರು ಬೆಕ್ಕಿನ ಚಿಕಿತ್ಸೆ ಕೊಡುವುದು ಹೇಗೆ?

ತುಕ್ಕಲ್ಲ, ಮಣ್ಣು

ತುಕ್ಕು ಹಿಡಿದ ಮೊಳೆ ಚುಚ್ಚಿದರೆ ಧನುರ್ವಾಯು ಬರುತ್ತದೆ ಎಂದು ಚಿಕ್ಕಂದಿನಿಂದ ಕೇಳಿದ್ದೇವೆ. ತುಕ್ಕಿನಲ್ಲಿ ರೋಗ ಇಲ್ಲ. ಕ್ಲಾಸ್ಟ್ರಿಡಿಯಂ ಟೆಟನಿ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಮಣ್ಣಿನಲ್ಲಿ, ಧೂಳಿನಲ್ಲಿ, ದನ, ಆಡು, ಕುದುರೆ ಮುಂತಾದ ಪ್ರಾಣಿಗಳ ಸೆಗಣಿ ಹಿಕ್ಕೆಯಲ್ಲಿ ಇರುತ್ತವೆ. ಬಿಸಿಲು ಮಳೆಗೆ ಸಾಯದೆ ವರ್ಷಗಟ್ಟಲೆ ಉಳಿಯುತ್ತವೆ. ಹಳೆಯ ಮೊಳೆ ಮಣ್ಣಿನಲ್ಲಿ ಬಿದ್ದಿರುತ್ತದೆ, ಆಳಕ್ಕೆ ಚುಚ್ಚುತ್ತದೆ. ಅಪಾಯ ಇರುವುದು ಅಲ್ಲಿ. ತೋಟದ ಮಣ್ಣಿನಲ್ಲಿ ಕೆರೆದು ಬಂದ ಬೆಕ್ಕಿನ ಉಗುರು, ಹಟ್ಟಿಯಲ್ಲಿ ನಿಂತ ಆಡಿನ ಕೊಂಬು, ತಿಪ್ಪೆ ಕೆದಕಿದ ಕೋಳಿಯ ಕೊಕ್ಕು, ಇವೆಲ್ಲ ಅದೇ ಮಣ್ಣನ್ನು ಚರ್ಮದೊಳಗೆ ಸೇರಿಸಬಲ್ಲವು.

ಈ ಬ್ಯಾಕ್ಟೀರಿಯಾ ಬೆಳೆಯುವುದು ಗಾಳಿಯಾಡದ ಜಾಗದಲ್ಲಿ. ಆದ್ದರಿಂದ ದೊಡ್ಡದಾಗಿ ತೆರೆದುಕೊಂಡು ರಕ್ತ ಸುರಿದ ಗಾಯಕ್ಕಿಂತ, ಸೂಜಿ ಚುಚ್ಚಿದಷ್ಟೇ ಬಾಯಿಯ ಆಳವಾದ ಗಾಯ ಕೆಲವೊಮ್ಮೆ ಹೆಚ್ಚು ಕೆಟ್ಟದ್ದು. ಅಲ್ಲಿ ಅದು ಉಂಟುಮಾಡುವ ವಿಷ ನರಗಳಿಗೆ ಸೇರುತ್ತದೆ. ಸಾಮಾನ್ಯವಾಗಿ 3ರಿಂದ 21 ದಿನಗಳೊಳಗೆ ಲಕ್ಷಣ ಕಾಣುತ್ತದೆ. ಆ ಹೊತ್ತಿಗೆ ಗಾಯ ಒಣಗಿ ಮರೆತೂ ಹೋಗಿರಬಹುದು. ಮೊದಲು ದವಡೆ ಬಿಗಿಯುತ್ತದೆ, ಬಾಯಿ ತೆರೆಯಲು ಆಗುವುದಿಲ್ಲ. ಆಮೇಲೆ ನುಂಗಲು ಕಷ್ಟ, ಕುತ್ತಿಗೆ ಸೆಟೆದುಕೊಳ್ಳುತ್ತದೆ, ಬೆನ್ನು ಬಿಲ್ಲಿನ ಹಾಗೆ ಬಾಗುತ್ತದೆ. ಧನುಸ್ಸಿನಂತೆ ಬಾಗುವುದರಿಂದಲೇ ಧನುರ್ವಾಯು ಎಂಬ ಹೆಸರು. ಒಂದು ಸದ್ದು, ಒಂದು ಬೆಳಕು ಸಾಕು, ಇಡೀ ಮೈ ಸೆಳೆತಕ್ಕೆ ಒಳಗಾಗುತ್ತದೆ. ಐಸಿಯುನಲ್ಲಿ ವಾರಗಟ್ಟಲೆ ಇಟ್ಟು ನೋಡಿಕೊಂಡರೂ ಎಲ್ಲರನ್ನೂ ಉಳಿಸಿಕೊಳ್ಳಲು ಆಗುವುದಿಲ್ಲ.

ಹಿರಿಯರಿಗೆ ಇದರ ಇನ್ನೊಂದು ಮುಖ ನೆನಪಿರಬಹುದು. ಮನೆಯಲ್ಲೇ ಹೆರಿಗೆ ಆಗುತ್ತಿದ್ದ ಕಾಲದಲ್ಲಿ ಹೊಕ್ಕುಳಬಳ್ಳಿಯನ್ನು ಸಿಕ್ಕಿದ ಬ್ಲೇಡಿನಲ್ಲಿ ಕತ್ತರಿಸುತ್ತಿದ್ದರು. ಚೆನ್ನಾಗಿ ಹಾಲು ಕುಡಿಯುತ್ತಿದ್ದ ಕೂಸು ಒಂದು ವಾರದಲ್ಲಿ ಬಾಯಿ ತೆರೆಯದಾಗಿ ಸೆಳೆತ ಬಂದು ತೀರಿಹೋಗುತ್ತಿತ್ತು. ಅದೂ ಧನುರ್ವಾಯುವೇ. ಗರ್ಭಿಣಿಯರಿಗೆ ಟಿಟಿ ಕೊಡುವುದು ಮತ್ತು ಆಸ್ಪತ್ರೆ ಹೆರಿಗೆ ಹೆಚ್ಚಿದ್ದರಿಂದ ಆ ಸಾವು ನಿಂತಿತು. 2015ರಲ್ಲಿ ಭಾರತ ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ನಿರ್ಮೂಲನೆಯ ಮಟ್ಟಕ್ಕೆ ಇಳಿಸಿದ ದೇಶವಾಯಿತು. ಆದರೆ ಬೀಜಾಣು ಮಣ್ಣಿನಲ್ಲಿ ಹಾಗೇ ಉಂಟು. ಇದು ಒಬ್ಬರಿಂದೊಬ್ಬರಿಗೆ ಹರಡುವ ರೋಗ ಅಲ್ಲವಾದ್ದರಿಂದ ಊರಿನವರೆಲ್ಲ ಲಸಿಕೆ ಹಾಕಿಸಿಕೊಂಡರೂ ನಮಗೆ ರಕ್ಷಣೆ ಸಿಗುವುದಿಲ್ಲ. ನಮ್ಮ ಲಸಿಕೆ ನಮಗೇ ಆಗಬೇಕು.

ಹೆಸರಿನಲ್ಲಿ ಮಾತ್ರ ನಾಯಿ

ರೇಬಿಸ್ ಲಸಿಕೆಗೆ ನಮ್ಮಲ್ಲಿ ನಾಯಿ ಇಂಜೆಕ್ಷನ್ ಎಂದೇ ಹೆಸರು. ರೋಗಕ್ಕೂ ಹುಚ್ಚುನಾಯಿ ರೋಗ ಎನ್ನುತ್ತೇವೆ. ಹೆಸರೇ ದಾರಿ ತಪ್ಪಿಸುತ್ತದೆ. ಬಹುಪಾಲು ಮನುಷ್ಯರಿಗೆ ರೇಬಿಸ್ ಬರುವುದು ನಾಯಿಯಿಂದ ಎನ್ನುವುದು ನಿಜ. ಆದರೆ ಬೆಕ್ಕಿನಿಂದಲೂ ಬರುತ್ತದೆ. ನಮ್ಮ ಹೆಚ್ಚಿನ ಮನೆಗಳಲ್ಲಿ ನಾಯಿ ಇಲ್ಲ, ಆದ್ದರಿಂದ ಇದು ನಮಗೆ ಸಂಬಂಧಪಟ್ಟ ವಿಷಯವಲ್ಲ ಎಂದುಕೊಳ್ಳುತ್ತೇವೆ. ಆದರೆ ಬೆಕ್ಕು ಇಲ್ಲದ ಮನೆ ಎಷ್ಟುಂಟು? ಹಗಲು ನಮ್ಮ ಮಡಿಲಲ್ಲಿ ಮಲಗುವ ಬೆಕ್ಕು ರಾತ್ರಿ ಯಾವ ಬೆಕ್ಕಿನೊಂದಿಗೆ ಕಾದಾಡಿತು, ಯಾವ ಬೀದಿನಾಯಿಯ ಬಾಯಿಂದ ತಪ್ಪಿಸಿಕೊಂಡು ಬಂತು ಎಂದು ಯಾರು ನೋಡಿದ್ದಾರೆ?

ರೇಬಿಸ್ ವೈರಸ್ ಇರುವುದು ಪ್ರಾಣಿಯ ಜೊಲ್ಲಿನಲ್ಲಿ. ಬೆಕ್ಕು ದಿನವಿಡೀ ಪಾದ ನೆಕ್ಕಿಕೊಳ್ಳುತ್ತದೆ, ಹಾಗಾಗಿ ಪರಚಿದ ಗಾಯಕ್ಕೂ ಜೊಲ್ಲು ಸೇರಬಹುದು. ಕಚ್ಚಿದಷ್ಟು ಅಪಾಯ ಪರಚಿದ್ದರಲ್ಲಿ ಇಲ್ಲವಾದರೂ, ಚಿಕಿತ್ಸೆಯ ವಿಷಯದಲ್ಲಿ ಅದನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. ವೈರಸ್ ನರದ ಮೂಲಕ ನಿಧಾನವಾಗಿ ಮೆದುಳಿನ ಕಡೆಗೆ ಸಾಗುತ್ತದೆ. ಅದಕ್ಕೆ ಸಾಮಾನ್ಯವಾಗಿ ಕೆಲವು ವಾರದಿಂದ ಕೆಲವು ತಿಂಗಳು ಬೇಕು. ಲಸಿಕೆ ಕೆಲಸ ಮಾಡುವುದು ಈ ಅವಧಿಯಲ್ಲಿ. ಒಮ್ಮೆ ಲಕ್ಷಣ ಕಾಣಿಸಿಕೊಂಡ ಮೇಲೆ, ನೀರು ಕಂಡರೆ ಗಂಟಲು ಬಿಗಿಯುವುದು, ಗಾಳಿ ತಾಗಿದರೆ ಬೆಚ್ಚುವುದು ಶುರುವಾದ ಮೇಲೆ, ರೋಗಿ ಉಳಿಯುವುದು ಇಲ್ಲವೆಂದೇ ಹೇಳಬೇಕು. ಲಸಿಕೆ ಸರಿಯಾದ ಸಮಯಕ್ಕೆ ಸಿಕ್ಕಿದರೆ ಪೂರ್ತಿ ತಡೆಯಬಹುದಾದ ರೋಗವೂ ಇದೇ.

ವಿಶ್ವ ಆರೋಗ್ಯ ಸಂಸ್ಥೆ ಗಾಯಗಳನ್ನು ಮೂರು ದರ್ಜೆ ಮಾಡಿದೆ. ಪ್ರಾಣಿಯನ್ನು ಮುಟ್ಟಿದ್ದು, ಗಾಯವಿಲ್ಲದ ಚರ್ಮವನ್ನು ಅದು ನೆಕ್ಕಿದ್ದು ಒಂದನೆಯ ದರ್ಜೆ. ತೊಳೆದುಕೊಂಡರೆ ಸಾಕು, ಇಂಜೆಕ್ಷನ್ ಬೇಡ. ರಕ್ತ ಬಾರದಂತೆ ತರಚಿದ್ದು, ಮೆಲ್ಲಗೆ ಕಚ್ಚಿದ್ದು ಎರಡನೆಯದು. ಲಸಿಕೆ ಬೇಕು. ಚರ್ಮ ಸೀಳಿ ರಕ್ತ ಬಂದ ಕಡಿತ ಅಥವಾ ಪರಚು, ಮೊದಲೇ ಇದ್ದ ಗಾಯವನ್ನು ಅಥವಾ ಬಾಯಿ, ಕಣ್ಣನ್ನು ನೆಕ್ಕಿದ್ದು ಮೂರನೆಯದು. ಇದಕ್ಕೆ ಲಸಿಕೆಯ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ ಎಂಬ ಔಷಧವನ್ನು ಗಾಯದ ಒಳಗೂ ಸುತ್ತಲೂ ಕೊಡಬೇಕು. ಲಸಿಕೆಯಿಂದ ಮೈಯಲ್ಲಿ ಶಕ್ತಿ ಹುಟ್ಟಲು ದಿನಗಳು ಬೇಕು, ಅಷ್ಟರವರೆಗೆ ಗಾಯದ ಬಳಿಯೇ ವೈರಸ್ಸನ್ನು ತಡೆದು ನಿಲ್ಲಿಸುವುದು ಈ ಔಷಧದ ಕೆಲಸ.

ನಮ್ಮ ಹುಡುಗಿಯ ಒಂದು ಗೀರಿನಲ್ಲಿ ರಕ್ತ ಬಂದಿತ್ತು. ಆದ್ದರಿಂದ ಅವಳದ್ದು ಮೂರನೆಯ ದರ್ಜೆ. ನಾವು ಅದಕ್ಕೆ ಇಟ್ಟಿದ್ದ ಹೆಸರು ಸಣ್ಣ ಗಾಯ.

ಹೊಕ್ಕುಳಿನ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂಬ ಹೆದರಿಕೆ ಈಗಲೂ ಕೆಲವರಲ್ಲಿ ಉಂಟು. ಅದು ಹಳೆಯ ಲಸಿಕೆ, ಅದನ್ನು ಕೈಬಿಟ್ಟು ಎಷ್ಟೋ ವರ್ಷವಾಯಿತು. ಈಗ ಕೊಡುವುದು ತೋಳಿಗೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಚರ್ಮದ ಪದರಕ್ಕೆ ಕೊಡುತ್ತಾರೆ. ಮೊದಲು ಕೊಟ್ಟ ದಿನವನ್ನು ಸೊನ್ನೆ ಎಂದು ಲೆಕ್ಕ ಹಿಡಿದು 0, 3, 7 ಮತ್ತು 28ನೆಯ ದಿನ. ಸ್ನಾಯುವಿಗೆ ಕೊಡುವ ಕ್ರಮದಲ್ಲಾದರೆ 14ನೆಯ ದಿನವೂ ಸೇರಿ ಐದು. ಗರ್ಭಿಣಿಯರಿಗೂ ಹಾಲುಣಿಸುವ ತಾಯಂದಿರಿಗೂ ಕೂಸುಗಳಿಗೂ ಕೊಡಬಹುದು. ಪಥ್ಯ ಇಲ್ಲ. ಮೀನು, ಮಾಂಸ ಬಿಡಬೇಕಾಗಿಲ್ಲ. ನೋಂಬಿನ ತಿಂಗಳೆಂದು ಮುಂದೂಡಬೇಡಿ. ಚರ್ಮಕ್ಕೆ, ಸ್ನಾಯುವಿಗೆ ಕೊಡುವ ಇಂಜೆಕ್ಷನ್‌ನಿಂದ ನೋಂಬು ಮುರಿಯುವುದಿಲ್ಲ ಎನ್ನುವುದೇ ಈ ಕಾಲದ ಹೆಚ್ಚಿನ ಉಲಮಾಗಳ ಅಭಿಪ್ರಾಯ.

“ಹತ್ತು ದಿನ ಬೆಕ್ಕನ್ನು ನೋಡುವ, ಅದಕ್ಕೇನೂ ಆಗದಿದ್ದರೆ ಬೇಡ” ಎನ್ನುವವರೂ ಇದ್ದಾರೆ. ಈ ಮಾತಿನಲ್ಲಿ ಅರ್ಧ ಸತ್ಯ ಉಂಟು. ಕಚ್ಚಿದ ನಾಯಿ ಅಥವಾ ಬೆಕ್ಕು ಹತ್ತು ದಿನ ಆರೋಗ್ಯವಾಗಿಯೇ ಇದ್ದರೆ ಮುಂದಿನ ಇಂಜೆಕ್ಷನ್ ಬೇಕೋ ಬೇಡವೋ ಎಂದು ಡಾಕ್ಟರ್ ತೀರ್ಮಾನಿಸುತ್ತಾರೆ. ಆದರೆ ಆ ಹತ್ತು ದಿನ ಕಾಯುವುದು ಮೊದಲ ಇಂಜೆಕ್ಷನ್ ಹಾಕಿಸಿಕೊಂಡ ಮೇಲೆ. ಬೆಕ್ಕು ನಮ್ಮದೇ ಆಗಿದ್ದರೂ ಅಷ್ಟು ದಿನ ಕಣ್ಣೆದುರು ಇರುತ್ತದೆ ಎಂಬ ಗ್ಯಾರಂಟಿ ಇಲ್ಲ ಎನ್ನುವುದಕ್ಕೆ ನಮ್ಮ ಮನೆಯೇ ಸಾಕ್ಷಿ.

ತಡವಾಯಿತಲ್ಲ, ಇನ್ನು ಹೋಗಿ ಎಂತ ಪ್ರಯೋಜನ ಎಂದು ಸುಮ್ಮನೆ ಕೂರುವುದು ಇನ್ನೊಂದು ತಪ್ಪು. ದಿನ ಕಳೆದಿದ್ದರೂ, ವಾರ ಕಳೆದಿದ್ದರೂ ಹೋಗಲೇಬೇಕು. ನಾವು ಹೋದದ್ದು ನಾಲ್ಕನೆಯ ದಿನ. ಡಾಕ್ಟರ್ ಬೈಯಲಿಲ್ಲ, “ಇವತ್ತಾದರೂ ಬಂದಿರಲ್ಲ” ಎಂದರು.

ಕೀವಿನ ದಾರಿ

ಬೆಕ್ಕಿನ ಹಲ್ಲು ಸಪೂರ, ಚೂಪು. ಕಚ್ಚಿದರೆ ಮೇಲೆ ಕಾಣುವುದು ಎರಡು ಚುಕ್ಕೆ. ಒಳಗೆ ಸಂದಿನವರೆಗೆ, ಮೂಳೆಯವರೆಗೆ ಹೋಗಿರಬಹುದು. ಅದಕ್ಕೇ ನಾಯಿ ಕಚ್ಚಿದ ಗಾಯಕ್ಕಿಂತ ಬೆಕ್ಕು ಕಚ್ಚಿದ ಗಾಯ ಕೀವಾಗುವುದು ಹೆಚ್ಚು. ಬೆಕ್ಕಿನ ಬಾಯಲ್ಲಿ ಸಹಜವಾಗಿಯೇ ಇರುವ ಪಾಶ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾ ಒಂದೇ ದಿನದೊಳಗೆ ಬೆರಳನ್ನು ಕೆಂಪಾಗಿಸಿ, ಬಾತು ಮಡಚಲಾಗದಂತೆ ಮಾಡಬಲ್ಲದು. ಇನ್ನೊಂದು ಬೆಕ್ಕು ಪರಚಿದ ಜ್ವರ. ಬಾರ್ಟೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇದಕ್ಕೆ ಕಾರಣ, ಬೆಕ್ಕಿನಿಂದ ಬೆಕ್ಕಿಗೆ ಅದನ್ನು ದಾಟಿಸುವುದು ಚಿಗಟ. ಪರಚಿ ಒಂದೆರಡು ವಾರದ ಬಳಿಕ ಕಂಕುಳಲ್ಲೋ ಕುತ್ತಿಗೆಯಲ್ಲೋ ನೋಯುವ ಗಡ್ಡೆ ಏಳುತ್ತದೆ, ಜ್ವರ ಬರಬಹುದು. ಹೆಚ್ಚಿನವರಿಗೆ ತಾನಾಗಿಯೇ ಕಡಿಮೆಯಾಗುತ್ತದೆ, ಆದರೆ ಡಾಕ್ಟರರಿಗೆ ಬೆಕ್ಕಿನ ವಿಷಯ ಹೇಳದಿದ್ದರೆ ಗಡ್ಡೆ ಎಂತದು ಎಂದು ಹುಡುಕಲು ಅವರು ಊರೆಲ್ಲ ಟೆಸ್ಟ್ ಮಾಡಿಸಬೇಕಾಗುತ್ತದೆ.

ಶುಗರ್ ಇರುವ ಹಿರಿಯರ ಬಗ್ಗೆ ವಿಶೇಷ ಜಾಗ್ರತೆ ಬೇಕು. ಪಾದದ ಸ್ಪರ್ಶಜ್ಞಾನ ಕಡಿಮೆಯಾಗಿರುವವರಿಗೆ ಬೆಕ್ಕಿನ ಮರಿ ಕಾಲಿಗೆ ಪರಚಿದ್ದು ಗೊತ್ತೇ ಆಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ಬಾವು ಬಂದಿರುತ್ತದೆ. ಸುತ್ತ ಕೆಂಪು ಹರಡುವುದು, ಕೈಯ ಮೇಲೆ ಕೆಂಪು ಗೆರೆ ಏರುವುದು, ಜ್ವರ, ಬೆರಳು ಮಡಚಲಾಗದಷ್ಟು ನೋವು, ಇವುಗಳಲ್ಲಿ ಯಾವುದು ಕಂಡರೂ ಮರುದಿನಕ್ಕೆ ಕಾಯಬೇಡಿ.

ನಳ್ಳಿಯ ಕೆಳಗೆ ಹದಿನೈದು ನಿಮಿಷ

ಈ ಮೂರೂ ತೊಂದರೆಗೆ ಮೊದಲ ಮದ್ದು ಒಂದೇ: ಸೋಪು ಮತ್ತು ಹರಿಯುವ ನೀರು. ನಳ್ಳಿಯ ಕೆಳಗೆ ಗಾಯ ಹಿಡಿದು, ಸೋಪು ಹಚ್ಚಿ, ಗಡಿಯಾರ ನೋಡಿಕೊಂಡು ಹದಿನೈದು ನಿಮಿಷ ತೊಳೆಯಬೇಕು. ರೇಬಿಸ್ ವೈರಸ್ಸಿನ ಹೊರಗವಚದಲ್ಲಿ ಕೊಬ್ಬಿದೆ, ಸೋಪು ಅದನ್ನು ಕರಗಿಸುತ್ತದೆ. ಮಣ್ಣು ಮತ್ತು ಬ್ಯಾಕ್ಟೀರಿಯಾ ನೀರಿನೊಂದಿಗೆ ಹರಿದು ಹೋಗುತ್ತವೆ. ಬಟ್ಟೆ ತೊಳೆಯುವ ಸೋಪಾದರೂ ಆದೀತು. ಹದಿನೈದು ನಿಮಿಷ ಎಂದರೆ ಎಷ್ಟು ಉದ್ದ ಎಂದು ಅಳುವ ಮಗುವನ್ನು ಹಿಡಿದುಕೊಂಡು ನಿಂತವರಿಗೇ ಗೊತ್ತು. ಆದರೂ ನಿಲ್ಲಬೇಕು. ಆಮೇಲೆ ಅಯೋಡಿನ್ ಇದ್ದರೆ ಹಚ್ಚಿ ನೇರ ಆಸ್ಪತ್ರೆಗೆ.

ಹಚ್ಚಬಾರದ ವಸ್ತುಗಳ ಪಟ್ಟಿ ನಮ್ಮ ಅಡುಗೆಮನೆಯಲ್ಲೇ ಉಂಟು. ಮೆಣಸಿನ ಪುಡಿ, ಸುಣ್ಣ, ಕಾಫಿಪುಡಿ, ಅರಸಿನ, ಎಣ್ಣೆ. ಹಿತ್ತಿಲಿನ ಕಮ್ಯುನಿಸ್ಟ್ ಗಿಡದ ಸೊಪ್ಪಿನ ರಸವೂ ಬೇಡ, ಒಲೆಯ ಬೂದಿಯೂ ಬೇಡ. ಇವು ಗಾಯದ ಬಾಯಿ ಮುಚ್ಚುತ್ತವೆ, ಕೆರಳಿಸುತ್ತವೆ, ಹೊಸ ಕೊಳೆ ಸೇರಿಸುತ್ತವೆ. ಬಿಗಿಯಾಗಿ ಬಟ್ಟೆ ಕಟ್ಟಬಾರದು. ಪ್ರಾಣಿ ಕಚ್ಚಿದ ಗಾಯಕ್ಕೆ ಡಾಕ್ಟರರೇ ಸಾಮಾನ್ಯವಾಗಿ ಕೂಡಲೇ ಹೊಲಿಗೆ ಹಾಕುವುದಿಲ್ಲ. ಅಜ್ಜಿಯಂದಿರ ಪ್ರೀತಿಯ ಬಗ್ಗೆ ಎರಡು ಮಾತಿಲ್ಲ, ಆದರೆ ಈ ವಿಷಯದಲ್ಲಿ ಅವರ ಡಬ್ಬಿ ಶೆಲ್ಫಿನಲ್ಲೇ ಇರಲಿ.

ಶುದ್ಧಿಯ ಪ್ರಶ್ನೆ

ನಮ್ಮವರಲ್ಲಿ ಕೇಳಿಬರುವ ಎರಡು ಮಾತಿಗೆ ಇಲ್ಲಿ ಉತ್ತರ ಹೇಳಬೇಕು. ಒಂದು, “ಬೆಕ್ಕು ನಜಸ್ ಅಲ್ಲವಲ್ಲ, ಅದರಿಂದೆಂತ ಆಗುವುದು?” ಬೆಕ್ಕು ಬಾಯಿ ಹಾಕಿದ ನೀರಿನಿಂದ ವುಝೂ ಮಾಡಬಹುದು, ಬೆಕ್ಕನ್ನು ಪ್ರೀತಿಯಿಂದ ಸಾಕಬಹುದು, ಇದೆಲ್ಲ ನಮಗೆ ಗೊತ್ತಿರುವುದೇ. ಆದರೆ ಆರಾಧನೆಗೆ ಬೇಕಾದ ಶುದ್ಧಿ ಒಂದು ವಿಷಯ, ರೋಗಾಣು ಇನ್ನೊಂದು ವಿಷಯ. ಸ್ವಚ್ಛವಾದ ಮನುಷ್ಯನಿಗೂ ಜ್ವರ ಬರುವುದಿಲ್ಲವೇ?

ಎರಡನೆಯದು ನಾಯಿಯ ವಿಷಯ. ನಾಯಿಯ ಜೊಲ್ಲು ತಾಗಿದರೆ ಏಳು ಸಲ, ಅದರಲ್ಲಿ ಒಮ್ಮೆ ಮಣ್ಣು ಬೆರೆಸಿದ ನೀರಿನಲ್ಲಿ ತೊಳೆಯಬೇಕು ಎನ್ನುವುದು ಶಾಫಿಈ ಮದ್ಸ್‌ಹಬ್‌ನಲ್ಲಿ ನಾವು ಕಲಿತದ್ದು. ಪಾತ್ರೆ, ಬಟ್ಟೆ, ಗಾಯವಿಲ್ಲದ ಚರ್ಮದ ಮಾತು ಬೇರೆ. ಹಸಿ ಗಾಯಕ್ಕೆ ಮಣ್ಣು ಹಾಕಿದರೆ ಧನುರ್ವಾಯುವಿನ ಬೀಜಾಣುವನ್ನು ನಾವೇ ಒಳಗೆ ಬಿಟ್ಟಂತೆ. ನೀರು ತಾಗಿದರೆ ಹಾನಿಯಾಗುವ ರೋಗಿಗೆ ತಯಮ್ಮುಮ್‌ನ ರಿಯಾಯಿತಿ ಉಂಟು ಎನ್ನುವುದು ಮದ್ರಸದ ಮಕ್ಕಳಿಗೂ ಗೊತ್ತಿರುವ ಪಾಠ. ಜೀವಕ್ಕೆ ಹಾನಿ ತಂದುಕೊಳ್ಳಿ ಎಂದು ಯಾವ ಉಸ್ತಾದರೂ ಹೇಳುವುದಿಲ್ಲ. ಮೊದಲು ಸೋಪು, ನೀರು, ಆಸ್ಪತ್ರೆ. ಶುದ್ಧಿಯ ವಿಷಯ ಆಮೇಲೆ ಅವರನ್ನೇ ಕೇಳಿ. ಓದಿ ಊದಿಸುವುದೂ ದುಆ ಮಾಡಿಸುವುದೂ ಹಾಗೆಯೇ, ಆಸ್ಪತ್ರೆಯಿಂದ ಬಂದ ಮೇಲೆ ಧಾರಾಳ ಆಗಲಿ. ಒಂಟೆಯನ್ನು ಕಟ್ಟಿದ ಮೇಲೆ ತವಕ್ಕುಲ್ ಎಂದು ನಾವು ಕಲಿತದ್ದು ಇಂಥ ಹೊತ್ತಿಗೇ.

ಮನೆಯ ಲೆಕ್ಕ

ಸರ್ಕಾರಿ ಲಸಿಕಾ ಕ್ರಮದಲ್ಲಿ ಮಗುವಿಗೆ 6, 10 ಮತ್ತು 14 ವಾರಕ್ಕೆ, ಒಂದೂವರೆ ವರ್ಷದ ಹೊತ್ತಿಗೆ, ಮತ್ತೆ 5 ವರ್ಷ ತುಂಬಿದ ಮೇಲೆ ಧನುರ್ವಾಯುವಿನ ಲಸಿಕೆ ಸೇರಿರುತ್ತದೆ. ಆಮೇಲೆ 10 ಮತ್ತು 16 ವರ್ಷಕ್ಕೆ. ಈಗ ಕೊಡುವುದು ಬರೀ ಟಿಟಿ ಅಲ್ಲ, ಗಂಟಲುಮಾರಿಯ ಲಸಿಕೆಯೂ ಸೇರಿದ ಟಿಡಿ. ಬಾಯಿಮಾತಿಗೆ ಟಿಟಿ ಎನ್ನುತ್ತೇವೆ ಅಷ್ಟೆ. ದೊಡ್ಡವರಿಗೆ ಹತ್ತು ವರ್ಷಕ್ಕೊಮ್ಮೆ ಒಂದು ಡೋಸ್ ಒಳ್ಳೆಯದು. ಮಣ್ಣು, ಸೆಗಣಿ, ಜೊಲ್ಲು ಸೇರಿದ ಗಾಯವಾದರೆ, ಕೊನೆಯ ಡೋಸ್ ಆಗಿ ಐದು ವರ್ಷ ದಾಟಿದ್ದರೆ ಮತ್ತೊಂದು ಹಾಕುತ್ತಾರೆ. ಮೊದಲಿನ ಡೋಸ್‌ಗಳೇ ಆಗದವರಿಗೆ ಬೇರೆ ಔಷಧವೂ ಬೇಕಾಗಬಹುದು.

ಆಸ್ಪತ್ರೆಯಲ್ಲಿ ಹುಡುಗಿಯ ತಾಯಿ ಕಾರ್ಡ್ ತೋರಿಸಿದಾಗ ತಿಳಿದ ಸಂಗತಿ ನಮ್ಮನ್ನು ಇನ್ನಷ್ಟು ಸಣ್ಣವರನ್ನಾಗಿ ಮಾಡಿತು. ಐದು ವರ್ಷದ ಡೋಸ್ ಅವಳಿಗೆ ಆಗಿತ್ತು. ಅಂದರೆ ನಾವು ಕೇಳಿ ಹಾಕಿಸಿದ ಟಿಟಿ ಅವಳಿಗೆ ಆ ಹೊತ್ತಿಗೆ ಬೇಕಾಗಿಯೇ ಇರಲಿಲ್ಲ. ಬೇಕಾದದ್ದನ್ನು ಹಾಕಿಸಿರಲಿಲ್ಲ.

ಆ ರಾತ್ರಿ ಮನೆಯವರೆಲ್ಲರ ಲೆಕ್ಕ ತೆಗೆದೆವು. ಹೆಂಗಸರಿಗೆ ಹೆರಿಗೆಯ ಕಾಲದಲ್ಲಿ ಟಿಟಿ ಆಗಿತ್ತು. ಅಜ್ಜಿಯ ಕೊನೆಯ ಹೆರಿಗೆಗೆ ಮೂವತ್ತು ವರ್ಷ ದಾಟಿದೆ. ಗಂಡಸರಿಗೆ ನೆನಪೇ ಇಲ್ಲ. ತೋಟದಲ್ಲಿ ಬರಿಗಾಲಲ್ಲಿ ಓಡಾಡುವವರು, ಬಕ್ರೀದಿಗೆ ಆಡು ತಂದು ಕಟ್ಟುವವರು, ಚೂರಿ ಹಿಡಿದು ಮಾಂಸ ಮಾಡುವವರು ಅವರೇ. ಹಬ್ಬದ ದಿನ ಕೈಗೆ ಚೂರಿ ತಾಗಿದರೆ ಬಟ್ಟೆಚೂರು ಸುತ್ತಿಕೊಂಡು ಕೆಲಸ ಮುಂದುವರಿಸುವವರೂ ಅವರೇ. ಈಗ ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಗ್ಯಾಸ್ ಸಿಲಿಂಡರ್ ಬಂದ ತಾರೀಕು ಬರೆಯುವ ಜಾಗದ ಪಕ್ಕ, ಪ್ರತಿಯೊಬ್ಬರ ಹೆಸರು ಮತ್ತು ಕೊನೆಯ ಟಿಡಿಯ ತಾರೀಕು ಬರೆದಿದ್ದೇವೆ. ಗಲ್ಫ್‌ನಿಂದ ರಜೆಗೆ ಬರುವವರ ಹೆಸರೂ ಉಂಟು. ಬಂದ ವಾರದಲ್ಲೇ ಒಮ್ಮೆ ಆಸ್ಪತ್ರೆಗೆ ಹೋಗಿ ಬರಬೇಕು ಎಂದು ನಿಯಮ.

ಬೆಕ್ಕಿನ ಲೆಕ್ಕವೂ ಬೇಕು. ಮೂರು ತಿಂಗಳಾದ ಮರಿಗೆ ರೇಬಿಸ್ ಲಸಿಕೆ ಶುರು ಮಾಡಿ, ವೈದ್ಯರು ಹೇಳಿದಂತೆ ವರ್ಷಕ್ಕೊಮ್ಮೆ ಹಾಕಿಸಬೇಕು. ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಸೆಪ್ಟೆಂಬರ್ 28 ವಿಶ್ವ ರೇಬಿಸ್ ದಿನ, ಆ ಹೊತ್ತಿಗೆ ಅನೇಕ ಕಡೆ ಉಚಿತ ಲಸಿಕೆ ಶಿಬಿರ ಇರುತ್ತದೆ. ಸಾವಿರಾರು ರೂಪಾಯಿ ಕೊಟ್ಟು ಪರ್ಷಿಯನ್ ಬೆಕ್ಕು ತರುವವರು ಲಸಿಕೆಯ ಕಾರ್ಡನ್ನೂ ಕೇಳಿ ತನ್ನಿ. ಬೆಕ್ಕಿಗೆ ಲಸಿಕೆ ಆಗಿದ್ದರೂ ಕಚ್ಚಿದರೆ, ಪರಚಿದರೆ ಡಾಕ್ಟರರನ್ನು ಕಾಣುವುದು ತಪ್ಪಬಾರದು.

ಆಸ್ಪತ್ರೆಗೆ ಹೋದಾಗ ಇಷ್ಟನ್ನು ಕೇಳುವ ಮೊದಲೇ ಹೇಳಿ: ಯಾವ ಪ್ರಾಣಿ, ಯಾವಾಗ, ರಕ್ತ ಬಂದಿತ್ತಾ, ಪ್ರಾಣಿ ಈಗ ಎಲ್ಲಿ, ಅದಕ್ಕೆ ಲಸಿಕೆ ಆಗಿದೆಯಾ, ನಮ್ಮ ಕೊನೆಯ ಟಿಟಿ ಯಾವಾಗ, ಶುಗರ್ ಉಂಟಾ.

ಹೇಳುವ ಧೈರ್ಯ

ಇಷ್ಟೆಲ್ಲ ತಿಳಿದುಕೊಂಡರೂ ಮಗು ಹೇಳದಿದ್ದರೆ ಏನೂ ಪ್ರಯೋಜನವಿಲ್ಲ. ನಮ್ಮ ಹುಡುಗಿ ಮುಚ್ಚಿಟ್ಟದ್ದು ಇಂಜೆಕ್ಷನ್ನಿನ ಹೆದರಿಕೆಯಿಂದಲ್ಲ, ನಮ್ಮ ಹೆದರಿಕೆಯಿಂದ. ಬೀದಿಯ ನಾಯಿಮರಿಗೆ ಬಿಸ್ಕತ್ತು ಹಾಕಿ ಕಚ್ಚಿಸಿಕೊಂಡ ಹುಡುಗನೂ ಹಾಗೆಯೇ. ನಾಯಿ ಮುಟ್ಟಿದೆಯಾ ಎಂದು ಮೊದಲು ಬೈಗುಳ ಬೀಳುತ್ತದೆ ಎಂದು ಅವನಿಗೆ ಗೊತ್ತು, ಆದ್ದರಿಂದ ಚಡ್ಡಿಯ ಕೆಳಗೆ ಗಾಯ ಅಡಗಿಸಿಕೊಂಡು ಮನೆಗೆ ಬರುತ್ತಾನೆ. ಬೈಗುಳ ಒಂದು ದಿನ ತಡವಾಗಿ ಬಂದರೂ ನಡೆಯುತ್ತದೆ, ಲಸಿಕೆಗೆ ಅಷ್ಟು ಸಮಯ ಕೊಡುವ ಹಾಗಿಲ್ಲ.

ಹುಡುಗಿಯ 28ನೆಯ ದಿನದ ಇಂಜೆಕ್ಷನ್ ಮುಗಿಯಿತು. ಬೆಕ್ಕು ಮರಳಿ ಬರಲಿಲ್ಲ. ಅದಕ್ಕೆ ಎಂತ ಆಯಿತು ಎಂದು ನಮಗೆ ಗೊತ್ತಿಲ್ಲ, ಅವಳು ಕೇಳಿದಾಗಲೂ ಹಾಗೆಯೇ ಹೇಳಿದ್ದೇವೆ. ಬೆಕ್ಕನ್ನು ಬಿಟ್ಟು ಬಂದದ್ದು ನಾವಲ್ಲ ಎಂದು ಅವಳು ನಂಬಲು ಸ್ವಲ್ಪ ದಿನ ಬೇಕಾಯಿತು.

ಮೊನ್ನೆ ಮಧ್ಯಾಹ್ನ ಅಂಗಳದಿಂದ ಓಡಿ ಬಂದಳು. “ಉಮ್ಮ, ಕೋಳಿ ಕುಕ್ಕಿತು” ಎಂದು ಬೆರಳು ಮುಂದೆ ಹಿಡಿದಳು. ಬೆರಳಿನ ತುಂಬ ಸೋಪಿನ ನೊರೆ. ನಳ್ಳಿ ಹಾಗೇ ಬಿಟ್ಟು ಬಂದಿದ್ದಳು. ಕೋಳಿಯಿಂದ ರೇಬಿಸ್ ಬರುವುದಿಲ್ಲ, ಕ್ಯಾಲೆಂಡರ್ ನೋಡಿದರೆ ಟಿಟಿಯೂ ಬೇಡ. ಪುನಃ ನಳ್ಳಿಯ ಬಳಿಗೆ ಕರೆದುಕೊಂಡು ಹೋಗಿ ಬೆರಳನ್ನು ಚೆನ್ನಾಗಿ ತೊಳೆದೆವು. ಯಾರೂ ಬೈಯಲಿಲ್ಲ.